ಮೈಯೊಳಗಿನ ತುಕ್ಕು

2023ರ ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೋದ ಮನೆಯೊಂದರಲ್ಲಿ ಎಳ್ಳು, ಕಬ್ಬಿನ ತುಂಡು, ಸಕ್ಕರೆ ಅಚ್ಚುಗಳ ಜೊತೆಗೆ ನನಗೊಂದು ಮಾತ್ರೆ ಸೀಸೆಯೂ ಸಿಕ್ಕಿತು. ಸಿಕ್ಕಿತು ಅಂದರೆ ಪುಕ್ಕಟೆಯಲ್ಲ, ಸಾವಿರದ ಎಂಟುನೂರು ರೂಪಾಯಿ ಕೊಟ್ಟು ತಂದೆ. ಮನೆಯಾಕೆ ನಮ್ಮ ಬೀದಿಯವಳೇ, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಲಾಕ್‌ಡೌನಿನಲ್ಲಿ ಗಂಡನ ಅಂಗಡಿ ಮುಚ್ಚಿದ ಮೇಲೆ ಈ ಸೀಸೆಗಳ ವ್ಯಾಪಾರಕ್ಕೆ ಇಳಿದಿದ್ದಳು. ಅರಿಶಿನ ಕುಂಕುಮ ಕೊಟ್ಟು, ಪಕ್ಕದಲ್ಲಿ ಕೂತು, "ಅಕ್ಕಾ, ಕಬ್ಬಿಣಕ್ಕೆ ತುಕ್ಕು ಹಿಡಿಯಲ್ವೇ, ಹಾಗೇ ನಮ್ಮ ಮೈಗೂ ಒಳಗೊಳಗೇ ತುಕ್ಕು ಹಿಡೀತಾ ಇರತ್ತೆ. ಅರವತ್ತು ದಾಟಿದ ಮೇಲಂತೂ ಕೇಳೋದೇ ಬೇಡ. ಇದು ಅದನ್ನ ತಡೆಯುತ್ತೆ. ಇಂಗ್ಲಿಷ್ ಔಷಧಿ ಅಲ್ಲ, ಬರೀ ಅರಿಶಿನ, ಮೆಣಸು, ನೆಲ್ಲಿಕಾಯಿ. ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ" ಎಂದಳು.

ನನಗೆ ಆಗ ಯಾವ ಕಾಯಿಲೆಯೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಉತ್ಕರ್ಷಣೆ, ಅಪಕರ್ಷಣೆ, ತುಕ್ಕು ಹಿಡಿದ ಮೊಳೆ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಸೀಮೆಸುಣ್ಣದ ಪುಡಿ ಕುಡಿದವಳು. ಆದರೂ "ತುಕ್ಕು" ಎಂಬ ಮಾತು ನಾಟಿತು. ಬೆಳಿಗ್ಗೆ ಏಳುವಾಗ ಮಂಡಿ ಹಿಡಿಯುತ್ತದಲ್ಲ, ಅದೂ ತುಕ್ಕೇ ಇರಬಹುದು ಅನ್ನಿಸಿತು. ಸೀಸೆಯ ಮೇಲೆ ಸಣ್ಣ ಅಕ್ಷರದಲ್ಲಿ ಇದು ಔಷಧಿಯಾಗಿ ಬಳಸಲು ಅಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದುದನ್ನು ಓದಿದೆ. ಔಷಧಿಯೇ ಅಲ್ಲ ಅಂದ ಮೇಲೆ ಹೆದರಿಕೆ ಏನು ಅಂದುಕೊಂಡೆ. ಆ ಸಾಲಿನ ಅರ್ಥ ಬೇರೆ ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಯುಗಾದಿಯ ಹೊತ್ತಿಗೆ ಊಟ ಸೇರದಾಯಿತು. ಒಬ್ಬಟ್ಟಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ವಯಸ್ಸು, ಬಿಸಿಲು, ಪಿತ್ತ ಎಂದು ಏನೇನೋ ಕಾರಣ ಕೊಟ್ಟುಕೊಂಡೆ. ಒಂದು ಬೆಳಿಗ್ಗೆ ಹೂವಿನವಳು ಮೊಳ ಅಳೆಯುತ್ತಿದ್ದವಳು ಕೈ ನಿಲ್ಲಿಸಿ, "ಯಾಕಮ್ಮಾ, ಕಣ್ಣು ಅರಿಶಿನದ ಥರ ಆಗೈತಲ್ಲ?" ಎಂದಳು. ಅವಳು ಹೇಳಿದ್ದು ಎಷ್ಟು ನಿಜ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ನಲವತ್ತರ ಆಸುಪಾಸು ಇರಬೇಕಾದ ಯಕೃತ್ತಿನ ಕಿಣ್ವ ಎಂಟುನೂರು ದಾಟಿತ್ತು. ಕಾಮಾಲೆ ತರುವ ವೈರಸ್ಸುಗಳ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. "ಏನೇನು ಮಾತ್ರೆ ತಗೋತಿದ್ದೀರಿ?" ಎಂದು ಡಾಕ್ಟರು ಮೂರು ಸಲ ಕೇಳಿದರು. ಮೂರು ಸಲವೂ ನಾನು "ಏನೂ ಇಲ್ಲ" ಎಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಗಿಡಮೂಲಿಕೆ ನನ್ನ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ನಾಲ್ಕನೇ ಸಲ ನಮ್ಮ ಯಜಮಾನರು, "ಅದೇ, ಆ ತುಕ್ಕಿನ ಮಾತ್ರೆ" ಎಂದರು. ಅದನ್ನು ನಿಲ್ಲಿಸಿದೆ. ಹತ್ತಿರದ ಹಳ್ಳಿಯಲ್ಲಿ ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಾರೆ, ಒಂದು ಬೆಳಿಗ್ಗೆ ಹೋಗಿ ಬಾ ಎಂದು ನಾಲ್ಕು ಜನ ಹೇಳಿದರು. ಡಾಕ್ಟರು ಕೈ ಮುಗಿದು, "ತಾಯೀ, ಇನ್ನೊಂದು ಸೊಪ್ಪು ಬೇಡ" ಎಂದರು. ಕಣ್ಣು ಬೆಳ್ಳಗಾಗಿ, ಕಿಣ್ವ ಇಳಿದು, ಅನ್ನ ರುಚಿಸಲು ಮೂರು ತಿಂಗಳು ಹಿಡಿಯಿತು.

ಆ ಮೂರು ತಿಂಗಳು ಮಲಗಿದಲ್ಲೇ ನಾನು ಮಾಡಿದ ಕೆಲಸವೆಂದರೆ ಓದು. ಈ ತುಕ್ಕಿನ ಮಾತು ಎಲ್ಲಿಂದ ಹೊರಟು ನಮ್ಮ ಬೀದಿಯ ಸಂಕ್ರಾಂತಿಗೆ ಬಂತು ಎಂದು ನೋಡಬೇಕೆನ್ನಿಸಿತು. ಮಗಳು ಕಾಲೇಜಿನಿಂದ ಕಾಗದಗಳನ್ನು ಅಚ್ಚು ಹಾಕಿಸಿ ತರುತ್ತಿದ್ದಳು, ನಾನು ಗೋಡೆಗೆ ಒರಗಿ ಓದುತ್ತಿದ್ದೆ.

ಮಾತು ಮಾತ್ರ ಹೊಸದು, ಸಂಗತಿ ನಮ್ಮ ಅಡಿಗೆಮನೆಯದೇ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಬಾಳೆದಿಂಡನ್ನು ಹುಳಿಮಜ್ಜಿಗೆಯಲ್ಲಿ ಹಾಕಿಡುತ್ತೇವೆ. ಸಂಕ್ರಾಂತಿಗೆ ಮಾಡಿದ ಎಳ್ಳು ಶಿವರಾತ್ರಿಯವರೆಗೆ ಉಳಿದರೆ ಅದರೊಳಗಿನ ಕಡಲೆಕಾಯಿ ಬೀಜ ಕಮಟು ಹಿಡಿಯುತ್ತದೆ, ಎಳ್ಳು ಅಷ್ಟು ಬೇಗ ಕೆಡುವುದಿಲ್ಲ. ಇದೆಲ್ಲ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ಎಣ್ಣೆಯ ಅಂಶಕ್ಕೆ ಆಮ್ಲಜನಕ ಅಂಟಿದರೆ ಕಮಟು. ಎಳ್ಳಿನ ಎಣ್ಣೆಯಲ್ಲಿ ಅದನ್ನು ತಡೆಯುವ ಪದಾರ್ಥ ಹುಟ್ಟಿನಿಂದಲೇ ಇದೆ. ನಮ್ಮತ್ತೆ ಬೆಣ್ಣೆ ಕಾಯಿಸುವಾಗ ಇಳಿಸುವ ಮುಂಚೆ ಒಂದು ವೀಳ್ಯದೆಲೆ ಹಾಕುತ್ತಿದ್ದರು, ಅದಿಲ್ಲದ ದಿನ ನಾಲ್ಕೆಲೆ ನುಗ್ಗೆಸೊಪ್ಪು. ಘಮಕ್ಕೆ ಅಂತ ನಾನು ತಿಳಿದಿದ್ದೆ. ಆ ಎಲೆಗಳಲ್ಲಿರುವ ಫೀನಾಲ್ ಜಾತಿಯ ಪದಾರ್ಥಗಳು ತುಪ್ಪ ಕೆಡುವುದನ್ನು ತಡಮಾಡುತ್ತವೆ. ಇಂಥ ತಡೆಗಾರರಿಗೇ ಇಂಗ್ಲಿಷಿನಲ್ಲಿ ಆ್ಯಂಟಿಆಕ್ಸಿಡೆಂಟ್ ಎಂದು ಹೆಸರು. ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಉತ್ಕರ್ಷಣ ನಿರೋಧಕ. ಆ ಮಾತನ್ನು ಹೇಳುವಷ್ಟರಲ್ಲಿ ಮಕ್ಕಳಿಗೆ ನಿದ್ದೆ ಬರುತ್ತಿತ್ತು.

ಹಣ್ಣು ಕಪ್ಪಾಗುವುದನ್ನು ಕೂತು ನೋಡಿಯೇ ಒಬ್ಬರಿಗೆ ನೊಬೆಲ್ ಬಹುಮಾನದ ದಾರಿ ಸಿಕ್ಕಿತು. ಹಂಗೆರಿ ದೇಶದ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಎಂಬವರಿಗೆ ಕೆಲವು ಹಣ್ಣು ಕತ್ತರಿಸಿದರೆ ಕಪ್ಪಾಗುತ್ತವೆ, ನಿಂಬೆ ಕಿತ್ತಳೆಗಳು ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ಕಾಡಿತು. 1928ರಲ್ಲಿ ಆ ತಡೆಗಾರನನ್ನು ಬೇರ್ಪಡಿಸಿದರು. ಅದು ಯಾವ ಸಕ್ಕರೆಯೋ ಗೊತ್ತಾಗದೆ ಮೊದಲು "ಗೊತ್ತಿಲ್ಲ" ಎಂಬರ್ಥದ ಹೆಸರಿಟ್ಟರಂತೆ. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಹಾಗಾದರೆ "ದೇವರೇ ಬಲ್ಲ" ಎಂದಿಡಿ ಅಂದರಂತೆ. ಅದಕ್ಕೂ ಒಪ್ಪಲಿಲ್ಲ. ಕೊನೆಗೆ ತಿಳಿದದ್ದು, ಅದೇ ವಿಟಮಿನ್ ಸಿ. ಒಂದು ರಾತ್ರಿ ಹೆಂಡತಿ ಊಟಕ್ಕೆ ಇಟ್ಟ ಕೆಂಪು ದೊಣ್ಣೆಮೆಣಸಿನಕಾಯಿ ತಿನ್ನಲು ಮನಸ್ಸಿಲ್ಲದೆ, ಅದನ್ನು ಪರೀಕ್ಷೆ ಮಾಡುವ ನೆಪದಲ್ಲಿ ಎತ್ತಿಕೊಂಡು ಪ್ರಯೋಗಶಾಲೆಗೆ ಹೋದೆ, ಅದರಲ್ಲಿ ರಾಶಿ ವಿಟಮಿನ್ ಸಿ ಇತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ನೊಬೆಲ್ ಬಂತು. ಅಡಿಗೆ ಬೇಡವೆಂದ ಗಂಡಸರಿಗೆಲ್ಲ ಅದು ಬರುವಂತಿದ್ದರೆ ನಮ್ಮ ಬೀದಿಯೊಂದಕ್ಕೇ ಹತ್ತು ಬರಬೇಕು.

ನೆಲ್ಲಿಕಾಯಿ ವಿಜ್ಞಾನದ ಪುಸ್ತಕಕ್ಕೆ ಬಂದದ್ದೂ ಆ ಕಾಲದಲ್ಲೇ. ನೀಲಗಿರಿಯ ಕೂನೂರಿನಲ್ಲಿ ಆಗ ನಮ್ಮ ದೇಶದ ಪೋಷಣಾ ಸಂಶೋಧನಾಲಯವಿತ್ತು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು. ನಮ್ಮ ಕಾಯಿಪಲ್ಲೆ ಕಾಳುಗಳಲ್ಲಿ ಏನೇನು ಸತ್ವವಿದೆ ಎಂದು ಅಳೆದು ಪಟ್ಟಿ ಮಾಡಿದವರು ಅಲ್ಲಿಯ ಜನ. 1939-40ರಲ್ಲಿ ಆಗಿನ ಪಂಜಾಬಿನ ಹಿಸ್ಸಾರ್ ಜಿಲ್ಲೆಯಲ್ಲಿ ಭೀಕರ ಬರ ಬಿದ್ದು, ಹಸಿರು ಎಂಬುದೇ ಇಲ್ಲದೆ ಜನರಿಗೆ ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ ಹತ್ತಿತು. ನೆಲ್ಲಿಕಾಯಿ ಕೊಟ್ಟಾಗ ಅದು ವಾಸಿಯಾಯಿತು. ಓದುತ್ತಾ ನನಗೆ ನಮ್ಮತ್ತೆಯ ನೆಲ್ಲಿಚಟ್ಟಿನ ಡಬ್ಬಿ ನೆನಪಾಯಿತು. ದ್ವಾದಶಿ ಪಾರಣೆಗೆ ಅಗಸೆಸೊಪ್ಪು, ನೆಲ್ಲಿಕಾಯಿ ಇಲ್ಲದೆ ಎಲೆ ಹಾಕುತ್ತಿರಲಿಲ್ಲ. ಉತ್ಥಾನ ದ್ವಾದಶಿಯ ದಿನ ತುಳಸಿಯ ಪಕ್ಕ ನೆಲ್ಲಿಕೊಂಬೆ ನೆಡುತ್ತಿದ್ದರು. ಭಾನುವಾರ ಮಾತ್ರ ಅದನ್ನು ಮುಟ್ಟುವಂತಿರಲಿಲ್ಲ, ಕಾರಣ ಕೇಳುವಂತೆಯೂ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಪಟ್ಟಿಯಲ್ಲಿ ನೂರು ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ವಿಟಮಿನ್ ಸಿ ಎಂದಿತ್ತು. ನಾನೂ ಅದನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. 2017ರಲ್ಲಿ ಹೈದರಾಬಾದಿನವರು ಹೊಸ ವಿಧಾನದಲ್ಲಿ ಅಳೆದಾಗ ಸುಮಾರು 250 ಬಂತು. ಅದೂ ಕಡಿಮೆಯಲ್ಲ. ಸೀಸೆಗಳ ಮೇಲೆ ಮಾತ್ರ ಇಂದಿಗೂ ಹಳೆಯ ಆರುನೂರೇ ಮೆರೆಯುತ್ತಿರುತ್ತದೆ. ಮುಖ್ಯವಾದದ್ದು, ಹಿಸ್ಸಾರಿನ ಜನಕ್ಕೆ ಅದು ಇರಲಿಲ್ಲ, ಇಲ್ಲದವರಿಗೆ ಕೊಟ್ಟರು, ಬದುಕಿದರು. ಮೂರು ಹೊತ್ತು ಪಲ್ಯ ಹುಳಿ ಉಣ್ಣುವ ನನ್ನಂಥವಳಿಗೆ ಇನ್ನಷ್ಟು ಕೊಟ್ಟರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಮುಂದಿನ ಐವತ್ತು ವರ್ಷ ಹಿಡಿಯಿತು.

ಮೈಯೊಳಗೂ ತುಕ್ಕಿನಂಥದ್ದು ನಡೆಯುತ್ತದೆ ಎಂದು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಒಬ್ಬಳು ಹೆಂಗಸು. ಅರ್ಜೆಂಟೀನಾದ ರೆಬೆಕಾ ಗೆರ್ಶ್‌ಮನ್, ಅಮೆರಿಕದ ರಾಚೆಸ್ಟರಿನಲ್ಲಿ ಕೆಲಸ ಮಾಡುತ್ತಿದ್ದವಳು. ಅತಿಯಾದ ಆಮ್ಲಜನಕ ಪ್ರಾಣಿಗಳನ್ನು ಕೊಲ್ಲುತ್ತದೆ, ಎಕ್ಸ್-ರೇ ಕಿರಣವೂ ಕೊಲ್ಲುತ್ತದೆ. ಎರಡರ ದಾರಿಯೂ ಒಂದೇ, ಎರಡೂ ಮೈಯಲ್ಲಿ ಫ್ರೀ ರ‍್ಯಾಡಿಕಲ್ ಎಂಬ ತುಂಟ ಕಣಗಳನ್ನು ಹುಟ್ಟಿಸುತ್ತವೆ ಎಂದು 1954ರಲ್ಲಿ ಬರೆದಳು. ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ ಕಣಗಳು ಅವು. ಒಂಟಿ ಎಲೆಕ್ಟ್ರಾನಿಗೆ ಜೋಡಿ ಬೇಕಾಗಿ ಪಕ್ಕದ ಕಣದಿಂದ ಕಿತ್ತುಕೊಳ್ಳುತ್ತವೆ, ಆಗ ಪಕ್ಕದ್ದು ತುಂಟನಾಗುತ್ತದೆ. ಇಷ್ಟು ದೊಡ್ಡ ಮಾತು ಹೇಳಿದವಳ ಹೆಸರು ನನ್ನ ವಿಜ್ಞಾನ ಪುಸ್ತಕಗಳಲ್ಲಿ ಒಂದು ಸಲವೂ ಬಂದಿರಲಿಲ್ಲ.

ಹೆಸರು ಬಂದದ್ದು ಡೆನ್‌ಹ್ಯಾಮ್ ಹಾರ್ಮನ್ನರದು. ಶೆಲ್ ಎಣ್ಣೆ ಕಂಪೆನಿಯಲ್ಲಿ ರಸಾಯನ ವಿಜ್ಞಾನಿಯಾಗಿದ್ದವರು. 1945ರ ಡಿಸೆಂಬರಿನಲ್ಲಿ ಅವರ ಹೆಂಡತಿ "ಲೇಡೀಸ್ ಹೋಮ್ ಜರ್ನಲ್" ಎಂಬ ಮಹಿಳಾ ಪತ್ರಿಕೆಯಲ್ಲಿ ಬಂದಿದ್ದ ಮುಪ್ಪಿನ ಬಗೆಗಿನ ಲೇಖನವನ್ನು ಗಂಡನಿಗೆ ತೋರಿಸಿದರು. ಅದು ತಲೆಯಲ್ಲಿ ಕೂತಿತು. ಮುಂದೆ ಅವರು ವೈದ್ಯಕೀಯ ಓದಿ, ಬರ್ಕ್ಲಿಯಲ್ಲಿದ್ದಾಗ, ಮುಪ್ಪಿಗೆ ಕಾರಣವೇ ಈ ಫ್ರೀ ರ‍್ಯಾಡಿಕಲ್‌ಗಳು ಎಂಬ ವಾದವನ್ನು 1956ರಲ್ಲಿ ಪ್ರಕಟಿಸಿದರು. ಮಹಿಳಾ ಪತ್ರಿಕೆ ಓದಿ ಏನು ಸಾಧಿಸುತ್ತೀರಿ ಎನ್ನುವ ಗಂಡಂದಿರಿಗೆ ಈ ಕತೆ ಹೇಳಬಹುದು. ಹಾರ್ಮನ್ ಇಲಿಗಳಿಗೆ ಆ್ಯಂಟಿಆಕ್ಸಿಡೆಂಟ್ ತಿನ್ನಿಸಿ ನೋಡಿದರು. ಸರಾಸರಿ ಆಯುಸ್ಸು ಸ್ವಲ್ಪ ಹೆಚ್ಚಿತು, ಎಲ್ಲಕ್ಕಿಂತ ಮುದಿ ಇಲಿಯ ಆಯುಸ್ಸು ಹೆಚ್ಚೇನೂ ಬೆಳೆಯಲಿಲ್ಲ. ಅವರು ಮಾತ್ರ 2014ರವರೆಗೆ, 98 ವರ್ಷ ಬಾಳಿದರು.

ಮೈ ಅಷ್ಟು ಅಸಹಾಯಕವೇನೂ ಅಲ್ಲ ಎಂಬುದು 1969ರಲ್ಲಿ ಗೊತ್ತಾಯಿತು. ಜೋ ಮೆಕಾರ್ಡ್ ಎಂಬ ವಿದ್ಯಾರ್ಥಿ, ಅವನ ಗುರು ಇರ್ವಿನ್ ಫ್ರಿಡೋವಿಚ್ ಸೇರಿ, ಹಸುವಿನ ರಕ್ತದಲ್ಲಿದ್ದ ಒಂದು ಕಿಣ್ವದ ಕೆಲಸವೇ ಈ ತುಂಟ ಕಣಗಳನ್ನು ಹಿಡಿದು ಸುಮ್ಮನಾಗಿಸುವುದು ಎಂದು ತೋರಿಸಿದರು. ಅದು ನಮ್ಮೆಲ್ಲರ ಮೈಯಲ್ಲೂ ಇದೆ. ಅದರ ಜೊತೆಗಾರ ಕಿಣ್ವವನ್ನು ನಾನು ತರಗತಿಯಲ್ಲಿ ತೋರಿಸುತ್ತಿದ್ದೆ: ಹಸಿ ಆಲೂಗೆಡ್ಡೆಯ ಹೋಳಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡಿನ ನಾಲ್ಕು ಹನಿ ಬಿಟ್ಟರೆ ಬುಸ್ಸೆಂದು ನೊರೆ ಏಳುತ್ತದೆ. ಆ ನೊರೆ, ವಿಷ ಒಡೆದು ನೀರೂ ಆಮ್ಲಜನಕವೂ ಆಗುವ ಸದ್ದು. ನಾವು ಉಸಿರಾಡುವಷ್ಟು ಹೊತ್ತೂ ನಮ್ಮೊಳಗೆ ಆ ಕೆಲಸ ನಡೆಯುತ್ತಿರುತ್ತದೆ. ತುಂಟ ಕಣಗಳು ಹೆಚ್ಚಾಗಿ, ತಡೆಗಾರರು ಸಾಲದೆ ಹೋದಾಗ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎಂದು 1985ರಲ್ಲಿ ಹೆಸರು ಕೊಟ್ಟವರು ಜರ್ಮನಿಯ ಹೆಲ್ಮುಟ್ ಸೀಸ್. ಸಾಲದೆ ಹೋದಾಗ ಎಂಬುದು ಅದರ ಮುಖ್ಯ ಭಾಗ. ನಮ್ಮ ಬೀದಿಗೆ ಬರುವಷ್ಟರಲ್ಲಿ ಆ ಭಾಗ ದಾರಿಯಲ್ಲಿ ಬಿದ್ದುಹೋಗಿತ್ತು.

ಅಷ್ಟರಲ್ಲಿ ಅಮೆರಿಕದ ಲೈನಸ್ ಪೌಲಿಂಗ್, ಎರಡು ನೊಬೆಲ್ ಪಡೆದ ಮಹಾ ಪಂಡಿತರು, ನೆಗಡಿಗೆ ರಾಶಿ ರಾಶಿ ವಿಟಮಿನ್ ಸಿ ತಿನ್ನಿ ಎಂದು 1970ರಲ್ಲಿ ಪುಸ್ತಕ ಬರೆದಿದ್ದರು. ಅಂಥವರೇ ಹೇಳಿದ ಮೇಲೆ ಯಾರು ಬೇಡವೆಂದಾರು? ಅಂಗಡಿಗಳ ತುಂಬ ಎ, ಸಿ, ಇ ಮಾತ್ರೆಗಳು ತುಂಬಿದವು. ತರಕಾರಿ ಹಣ್ಣು ಹೆಚ್ಚು ತಿನ್ನುವವರಿಗೆ ಕ್ಯಾನ್ಸರ್, ಹೃದಯದ ಕಾಯಿಲೆ ಕಡಿಮೆ ಎಂಬುದು ನಿಜವೇ ಆಗಿತ್ತು. ತರಕಾರಿಯಲ್ಲಿರುವುದನ್ನು ಹಿಂಡಿ ಮಾತ್ರೆ ಮಾಡಿದರೂ ಅದೇ ಫಲ ಸಿಗಬೇಕಲ್ಲ ಎಂಬುದು ಅವರ ಲೆಕ್ಕ.

ಲೆಕ್ಕ ಪರೀಕ್ಷೆ ಮಾಡಿದವರು ಫಿನ್ಲೆಂಡಿನವರು. ಸಿಗರೇಟು ಸೇದುವ 29,133 ಗಂಡಸರನ್ನು ಗುಂಪು ಮಾಡಿ, ಕೆಲವರಿಗೆ ಗಜ್ಜರಿಯ ಬಣ್ಣದ ಬೀಟಾ ಕೆರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲದ ಬರೀ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದರು. ಯಾರು ಏನು ನುಂಗುತ್ತಿದ್ದಾರೆ ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 1994ರಲ್ಲಿ ಕಟ್ಟು ಬಿಚ್ಚಿ ನೋಡಿದರೆ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚು! ಏನೋ ಎಡವಟ್ಟಾಗಿರಬೇಕು ಅಂದುಕೊಂಡರು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಅಂಥದ್ದೇ ಪರೀಕ್ಷೆಯಲ್ಲಿ ಕ್ಯಾನ್ಸರ್ ಶೇಕಡ 28 ಹೆಚ್ಚು, ಸಾವು ಶೇಕಡ 17 ಹೆಚ್ಚು ಎಂದು ಕಂಡು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿಬಿಟ್ಟರು. ಅವರು ಸೇದುವವರು, ಕಲ್ನಾರಿನ ಧೂಳಿನಲ್ಲಿ ಕೆಲಸ ಮಾಡಿದವರು, ನಾವು ಆರೋಗ್ಯವಂತ ಹೆಂಗಸರು, ನಮಗೇನು ಎನ್ನಬಹುದು. ಅದಕ್ಕೂ ಪರೀಕ್ಷೆ ಇದೆ. ಅಮೆರಿಕದ 39,876 ಆರೋಗ್ಯವಂತ ಮಹಿಳೆಯರು, ಎಲ್ಲರೂ ಆರೋಗ್ಯ ಸೇವೆಯಲ್ಲಿದ್ದವರೇ, ಹತ್ತು ವರ್ಷ ದಿನ ಬಿಟ್ಟು ದಿನ ಮಾತ್ರೆ ನುಂಗಿದರು, ಅರ್ಧ ಜನ ವಿಟಮಿನ್ ಇ, ಇನ್ನರ್ಧ ಬರೀ ಮಾತ್ರೆ. 2005ರಲ್ಲಿ ಎಣಿಸಿದಾಗ ಕ್ಯಾನ್ಸರಿನಲ್ಲಾಗಲಿ, ಒಟ್ಟು ಸಾವಿನಲ್ಲಾಗಲಿ ವ್ಯತ್ಯಾಸವಿರಲಿಲ್ಲ. ಆ ಹೆಂಗಸರಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಹತ್ತು ವರ್ಷ ತಪ್ಪದೆ ನುಂಗಿ, ಕೊನೆಗೆ "ಏನೂ ಇಲ್ಲ" ಎಂಬ ಉತ್ತರ ಕೊಡುವುದೂ ದೊಡ್ಡ ಕೆಲಸವೇ.

ಏಕೆ ಹೀಗೆ? 2009ರಲ್ಲಿ ಜರ್ಮನಿಯಲ್ಲಿ ಸುಮಾರು 40 ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ಸಿ ಮತ್ತು ಇ ಮಾತ್ರೆ ಕೊಟ್ಟರು. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ವ್ಯಾಯಾಮದ ಫಲ ಸಿಕ್ಕಿತು. ಮಾತ್ರೆ ನುಂಗಿದವರಿಗೆ ಆ ಫಲ ಸಿಗಲಿಲ್ಲ. ಬೆವರು ಸುರಿಸಿದಾಗ ಹುಟ್ಟುವ ತುಂಟ ಕಣಗಳೇ ಮೈಗೆ "ಏಳು, ಗಟ್ಟಿಯಾಗು" ಎಂದು ಹೇಳುವ ಸುದ್ದಿಗಾರರು. ಅವರ ಬಾಯಿ ಮುಚ್ಚಿಸಿದರೆ ಸುದ್ದಿ ತಲುಪುವುದಿಲ್ಲ. ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ಕೊಲ್ಲುವುದೂ ಇದೇ ಕಣಗಳನ್ನು ಎರಚಿ. ಮನೆಯಲ್ಲಿ ಬೆಂಕಿ ಇರಬಾರದೆಂದು ಒಲೆಯನ್ನೇ ಆರಿಸಿದರೆ ಅಡಿಗೆ ಆಗುವುದು ಹೇಗೆ?

ಗಿಡಮೂಲಿಕೆಗಳ ಮೇಲೆ ಆರೋಗ್ಯವಂತರಲ್ಲಿ ನಡೆಸಿದ ಪರೀಕ್ಷೆಗಳನ್ನೂ ಮಗಳು ತಂದುಕೊಟ್ಟಳು. ಹೆಚ್ಚಿನವು ಸಣ್ಣವು, ಕೆಲವೇ ವಾರಗಳವು. ರಕ್ತದಲ್ಲಿರುವ ಯಾವುದೋ ಗುರುತಿನ ಪದಾರ್ಥ ಇಷ್ಟು ಇಳಿಯಿತು ಎನ್ನುತ್ತವೆ. ಗುರುತು ಇಳಿದರೆ ಕಾಯಿಲೆ ತಪ್ಪಿತು ಎಂದಲ್ಲ. ಅಮೆರಿಕದ ಕೃಷಿ ಇಲಾಖೆ ಒಂದು ಕಾಲದಲ್ಲಿ ಯಾವ ಆಹಾರದಲ್ಲಿ ಎಷ್ಟು ಆ್ಯಂಟಿಆಕ್ಸಿಡೆಂಟ್ ಶಕ್ತಿ ಎಂದು ಅಂಕ ಕೊಟ್ಟು ಪಟ್ಟಿ ಮಾಡಿತ್ತು. ಪರೀಕ್ಷಾನಳಿಕೆಯ ಅಂಕಕ್ಕೂ ಮೈಯೊಳಗೆ ಆಗುವುದಕ್ಕೂ ಸಂಬಂಧವಿಲ್ಲ, ಕಂಪೆನಿಗಳು ಇದನ್ನು ದುರುಪಯೋಗ ಮಾಡುತ್ತಿವೆ ಎಂದು 2012ರಲ್ಲಿ ಅದೇ ಇಲಾಖೆ ಪಟ್ಟಿಯನ್ನು ತೆಗೆದುಹಾಕಿತು. ನನ್ನ ಸೀಸೆಯ ಮೇಲೆ ಆ ಅಂಕ ದಪ್ಪಕ್ಷರದಲ್ಲಿತ್ತು.

ಈಗ ಅರಿಶಿನಕ್ಕೆ ಬರುತ್ತೇನೆ. ಅದರ ಬಣ್ಣದ ಪದಾರ್ಥ ಕರ್ಕ್ಯುಮಿನ್ನನ್ನು 1815ರಲ್ಲೇ ಬೇರ್ಪಡಿಸಿದ್ದರು. ನಮ್ಮ ಮೈಸೂರಿನ ಆಹಾರ ಸಂಶೋಧನಾಲಯದವರು ಇಲಿಗಳಿಗೆ ಅದನ್ನು ಕೊಟ್ಟು ಕೊಲೆಸ್ಟೆರಾಲ್ ಇಳಿಯಿತೆಂದು 1970ರಲ್ಲಿ ಬರೆದಿದ್ದಾರೆ. ಗಾಯಕ್ಕೆ ಅರಿಶಿನ ಹಚ್ಚುವುದು ತಮ್ಮ ಶೋಧ ಎಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರ ವಿರುದ್ಧ ನಮ್ಮ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನೆಲ್ಲ ಮುಂದಿಟ್ಟು ವಾದಿಸಿ, 1997ರಲ್ಲಿ ಅದನ್ನು ರದ್ದುಮಾಡಿಸಿತು. ಆಗ ಸ್ಟಾಫ್ ರೂಮಿನಲ್ಲಿ ನಾವು ಮೈಸೂರುಪಾಕು ಹಂಚಿದ್ದೆವು. ನನ್ನ ಕತೆಗೆ ಹತ್ತಿರದ್ದು ಅದರ ಮರುವರ್ಷದ ಸಂಗತಿ. ಅರಿಶಿನವನ್ನು ಎಷ್ಟು ತಿಂದರೂ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. ಕರುಳು, ಯಕೃತ್ತು ಅದನ್ನು ಬೇಗ ಬದಲಾಯಿಸಿ ಹೊರಗೆ ಕಳಿಸಿಬಿಡುತ್ತವೆ. ಕರಿಮೆಣಸಿನ ಖಾರದ ಸತ್ವವನ್ನು ಜೊತೆಗೆ ಕೊಟ್ಟರೆ ರಕ್ತಕ್ಕೆ ಸೇರುವುದು ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಜಗತ್ತಿನ ಸೀಸೆಗಳಲ್ಲೆಲ್ಲ ಅರಿಶಿನದ ಜೊತೆ ಮೆಣಸು ಸೇರತೊಡಗಿದ್ದಕ್ಕೆ ಮೂಲ ಇದೇ. ಹೊರಗೆ ಹೋಗಬೇಕಾದ್ದನ್ನು ಒಳಗೆ ತಡೆದು ಹಿಡಿದರೆ ಯಕೃತ್ತಿಗೆ ಏನಾಗಬಹುದು ಎಂದು ಸೀಸೆ ತುಂಬುವವರು ಕೇಳಿಕೊಂಡಂತೆ ಕಾಣಲಿಲ್ಲ.

ನನಗೆ ಆದದ್ದು ನನಗೊಬ್ಬಳಿಗೇ ಆದದ್ದಲ್ಲ. 2011ರಿಂದ 2022ರ ನಡುವೆ ಅರಿಶಿನದ ಮಾತ್ರೆಯಿಂದ ಯಕೃತ್ತು ಕೆಟ್ಟ ಹತ್ತು ಜನರ ವಿವರವನ್ನು ಅಮೆರಿಕದ ವೈದ್ಯರು ಪ್ರಕಟಿಸಿದ್ದಾರೆ. ಅವರಲ್ಲಿ ಏಳು ಜನರಲ್ಲಿ ಒಂದೇ ಬಗೆಯ ಜೀನು ಇತ್ತು, ಒಬ್ಬರು ತೀರಿಕೊಂಡರು. ಇಟಲಿ, ಆಸ್ಟ್ರೇಲಿಯಾ ಸರ್ಕಾರಗಳು 2022, 2023ರಲ್ಲಿ ಎಚ್ಚರಿಕೆ ಕೊಟ್ಟವು. ಇಂಥದ್ದು ಆಗುವುದು ಅಪರೂಪ, ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲಾಗದು. ಹುಳಿಗೆ ಒಗ್ಗರಣೆಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ದೂರು ಯಾರೂ ಹೇಳಿಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇಕಡ ಮೂರರ ಆಸುಪಾಸು. ನನ್ನ ಒಂದು ಮಾತ್ರೆಯಲ್ಲಿದ್ದ ಸತ್ವ ಸಿಗಬೇಕಾದರೆ ಸುಮಾರು 15 ಗ್ರಾಂ ಅರಿಶಿನ ಬೇಕು. ದಿನಕ್ಕೆ ಎರಡು ಮಾತ್ರೆ. ಅಷ್ಟು ಅರಿಶಿನವನ್ನು ನಾನು ಹುಳಿಗೆ ಹಾಕಿದ್ದರೆ ಯಜಮಾನರು ತಟ್ಟೆ ತಳ್ಳಿ ಏಳುತ್ತಿದ್ದರು. ಮಾತ್ರೆಯ ಗುಣವೇ ಅದು, ನಾಲಿಗೆ ಬೇಡವೆನ್ನುವುದನ್ನು ನಾಲಿಗೆಗೆ ತಿಳಿಯದಂತೆ ದಾಟಿಸಿಬಿಡುತ್ತದೆ.

ಕೊರೋನಾ ಕಾಲದಲ್ಲಿ ನಾವೆಲ್ಲ ಅಮೃತಬಳ್ಳಿಯ ಕಷಾಯ ಕುದಿಸಿ ಕುಡಿದೆವಲ್ಲ, ಅದರ ಕತೆಯೂ ಉಂಟು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಮುಂಬಯಿಯ ವೈದ್ಯರು ಅದನ್ನು ಕುಡಿದು ಯಕೃತ್ತು ಕೆಡಿಸಿಕೊಂಡ ಆರು ಜನರನ್ನು ಕಂಡರು. 2022ರಲ್ಲಿ ದೇಶದ ಹದಿಮೂರು ಆಸ್ಪತ್ರೆಗಳಿಂದ 43 ಜನರ ವಿವರ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅಮೃತಬಳ್ಳಿಯಂತೆಯೇ ಕಾಣುವ ಬೇರೆ ಬಳ್ಳಿ ಇದ್ದಿರಬೇಕು ಎಂದಿತು. ಅದೂ ಇರಬಹುದು. ಆದರೆ ಹಿತ್ತಲ ಬೇಲಿಯಿಂದ ಬಳ್ಳಿ ಎಳೆದು ತರುವ ನಮಗೆ ಆ ಬೇರೆ ಬಳ್ಳಿ ಯಾವುದು, ಈ ಬಳ್ಳಿ ಯಾವುದು ಎಂದು ಹೇಳಿಕೊಡುವವರು ಯಾರು?

ಇಷ್ಟು ಹೇಳಿದೆನೆಂದು ನಮ್ಮ ಹಳೆಯ ವೈದ್ಯವನ್ನು ಹಳಿಯುತ್ತಿದ್ದೇನೆ ಎಂದುಕೊಳ್ಳಬೇಡಿ. ಚ್ಯವನಪ್ರಾಶ ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೇ ಅಧ್ಯಾಯದಲ್ಲೇ ಇದೆ, ಐನೂರು ನೆಲ್ಲಿಕಾಯಿ ಬೇಯಿಸುವ ದೊಡ್ಡ ಅಡಿಗೆ ಅದು. ಆದರೆ ಅಲ್ಲಿ ರಸಾಯನ ಎಂದರೆ ಸೀಸೆ ತೆರೆದು ಬಾಯಿಗೆ ಹಾಕುವುದಲ್ಲ. ಮೊದಲು ವೈದ್ಯನ ಎದುರು ದೇಹಶೋಧನೆ ಆಗಬೇಕು, ಜೀರ್ಣಶಕ್ತಿ ನೋಡಬೇಕು. ಅದೇ ಅಧ್ಯಾಯದ ಕೊನೆಗೆ ಸತ್ಯ ನುಡಿಯುವವನು, ಕೋಪವಿಲ್ಲದವನು, ಹೊತ್ತಿಗೆ ಸರಿಯಾಗಿ ಮಲಗಿ ಏಳುವವನು ಏನೂ ನುಂಗದೆಯೇ ರಸಾಯನದ ಫಲ ಪಡೆಯುತ್ತಾನೆ ಎಂಬ ಅರ್ಥದ ಮಾತಿದೆ. ಅದನ್ನು ಯಾರೂ ಸೀಸೆಯಲ್ಲಿ ತುಂಬಿಲ್ಲ. 1949ರಲ್ಲಿ ಡಾಬರ್ ಕಂಪೆನಿ ಚ್ಯವನಪ್ರಾಶವನ್ನು ಡಬ್ಬಿಗೆ ತುಂಬಿ ಮಾರತೊಡಗಿದ ಮೇಲೆ ವೈದ್ಯ, ಶೋಧನೆ ಎಲ್ಲ ಹೊರಗುಳಿದು ಸಿಹಿ ಲೇಹ್ಯವೊಂದೇ ಮನೆಯೊಳಗೆ ಬಂತು.

ಚ್ಯವನ ಮುನಿಯ ಕತೆಯನ್ನು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು. ಹುತ್ತದೊಳಗೆ ಹೊಳೆಯುತ್ತಿದ್ದ ಮುನಿಯ ಕಣ್ಣನ್ನು ಮಿಣುಕುಹುಳವೆಂದು ತಿಳಿದು ಚುಚ್ಚಿದ ತಪ್ಪಿಗೆ ಎಳೆಯ ಸುಕನ್ಯೆ ಆ ಮುದುಕನನ್ನೇ ಮದುವೆಯಾಗಬೇಕಾಯಿತು. ಮುಂದೆ ಅಶ್ವಿನೀ ದೇವತೆಗಳು ಮುನಿಯನ್ನು ಕೊಳದಲ್ಲಿ ಮುಳುಗಿಸಿ ಯುವಕನನ್ನಾಗಿ ಮಾಡಿದರು. ಒಂದೇ ರೂಪದ ಮೂವರು ಎದ್ದು ಬಂದಾಗ ಗಂಡನನ್ನು ಗುರುತು ಹಿಡಿಯುವ ಪರೀಕ್ಷೆಯೂ ಅವಳಿಗೇ. ಎಲ್ಲ ಜಾಹೀರಾತಿನಲ್ಲೂ ಮುನಿಯ ಯೌವನವೇ ಇದೆ. ಅವನಿಗೆ ಅನ್ನ ಬೇಯಿಸಿ, ಕೈಹಿಡಿದು ನಡೆಸುತ್ತಾ ಕಳೆದ ಸುಕನ್ಯೆಯ ವರ್ಷಗಳ ಲೆಕ್ಕ ಯಾರೂ ಇಡಲಿಲ್ಲ.

2024ರ ಸಂಕ್ರಾಂತಿಗೆ ನಾನು ಮತ್ತೆ ಎಳ್ಳಿನ ತಟ್ಟೆ ಹಿಡಿದು ಅದೇ ಮನೆಗೆ ಹೋದೆ. ಹೋಗಬಾರದೆಂದು ಮಗಳು ಹೇಳಿದ್ದಳು. ಹಬ್ಬದ ದಿನ ಅಕ್ಕಪಕ್ಕದವರನ್ನು ಬಿಡುವುದು ನನ್ನಿಂದಾಗಲಿಲ್ಲ. ನನಗೆ ಕಾಮಾಲೆಯಾದದ್ದು ಅವಳಿಗೆ ಗೊತ್ತಿತ್ತು, ಮಾತ್ರೆಯಿಂದ ಎಂದು ಗೊತ್ತಿರಲಿಲ್ಲ. ಅಷ್ಟು ದಿನ ನಾನು ಹೇಳಿರಲಿಲ್ಲ. ಕುಂಕುಮ ಹಚ್ಚಿಸಿಕೊಂಡು, ಹೇಳಿದೆ. ಡಾಕ್ಟರು ಬರೆದ ಚೀಟಿಯನ್ನೂ ತೋರಿಸಿದೆ. ಅವಳು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟಳು. ಬಹಳ ಹೊತ್ತು ಸುಮ್ಮನಿದ್ದು, "ನಾನೂ ಎರಡು ವರ್ಷದಿಂದ ತಗೋತಿದ್ದೀನಿ ಅಕ್ಕಾ" ಎಂದಳು. ನಾಳೆಯೇ ರಕ್ತ ಪರೀಕ್ಷೆ ಮಾಡಿಸು, ನಾನೂ ಜೊತೆಗೆ ಬರುತ್ತೇನೆ ಎಂದೆ. ತಲೆಯಾಡಿಸಿದಳು. ಒಳಗೆ ಹೋಗಿ ಅಟ್ಟದ ಕೆಳಗಿನ ಬಾಗಿಲು ತೆರೆದು ತೋರಿಸಿದಳು. ರಟ್ಟಿನ ಪೆಟ್ಟಿಗೆಗಳು, ಒಂದರ ಮೇಲೊಂದು.

"ಬಳೆ ಅಡವಿಟ್ಟು ತಂದಿದ್ದು. ಇನ್ನೂ ನಲವತ್ತು ಸೀಸೆ ಇದೆ ಅಕ್ಕಾ. ಇದನ್ನ ಏನು ಮಾಡಲಿ?"

ತಂದವರಿಗೇ ಹಿಂದಕ್ಕೆ ಕೊಡು ಎಂದೆ. ಅವರು ತೆಗೆದುಕೊಳ್ಳುವುದಿಲ್ಲವಂತೆ. ಹೊರಗೆ ಮಕ್ಕಳು ಎಳ್ಳು ಬೀರಲು ಬಂದು ಬಾಗಿಲು ತಟ್ಟುತ್ತಿದ್ದರು. ಅವಳು ಪೆಟ್ಟಿಗೆಗಳ ಮೇಲೆ ಹಳೆಯ ಸೀರೆ ಹೊದಿಸಿ, ಬಾಗಿಲು ಹಾಕಿ, ಕಣ್ಣೊರೆಸಿಕೊಂಡು ಸಕ್ಕರೆ ಅಚ್ಚಿನ ತಟ್ಟೆ ಎತ್ತಿಕೊಂಡಳು.